ಏರಿಳಿತಕ್ಕೆ ಹೆದರಬೇಕೋ, ಅಪಾಯಕ್ಕೋ? ನಿವೃತ್ತಿಯ ದುಡ್ಡು ಇಡುವ ಮುಂಚೆ ಒಂದು ಹೋಲಿಕೆ

ಭಾವ ಈ ವರ್ಷ ನಿವೃತ್ತರಾದರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೇತ್ ಮೆಷೀನಿನ ಮುಂದೆ ನಿಂತು ದುಡಿದವರು. ಪಿಂಚಣಿ ಅಂತ ಹೇಳಿಕೊಳ್ಳುವಂಥದ್ದೇನಿಲ್ಲ. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ ಕೈಗೆ ಬಂದದ್ದು 42 ಲಕ್ಷ. ಒಂದು ಭಾನುವಾರ ತಿಂಡಿ ಮುಗಿದ ಮೇಲೆ ಮೇಜು ಒರೆಸಿ, ಮೂರು ಕಾಗದ ಹರಡಿಕೊಂಡು ನನ್ನನ್ನು ಕರೆದರು.

ಮೊದಲನೆಯದು ಮಗ ತೋರಿಸಿದ್ದ ಇಂಡೆಕ್ಸ್ ಫಂಡಿನ, ಅಂದರೆ ಸೆನ್ಸೆಕ್ಸ್‌ನಂಥ ಷೇರು ಸೂಚ್ಯಂಕ ಹೋದ ಹಾಗೇ ಹೋಗುವ ಫಂಡಿನ, ಸ್ಟೇಟ್‌ಮೆಂಟು. ಅದರ ಗ್ರಾಫು ಗರಗಸದ ಹಲ್ಲಿನಂತಿತ್ತು. ಎರಡನೆಯದು ರಾಷ್ಟ್ರೀಕೃತ ಬ್ಯಾಂಕೊಂದರ ಎಫ್‌ಡಿ ದರಪಟ್ಟಿ. ಮೂರನೆಯದು ಅವರ ಬಡಾವಣೆಯ ಒಂದು ಸೌಹಾರ್ದ ಸಹಕಾರಿಯ ಕರಪತ್ರ, ಬ್ಯಾಂಕಿಗಿಂತ ಎರಡೂವರೆ ಪರ್ಸೆಂಟ್ ಜಾಸ್ತಿ ಬಡ್ಡಿ.

"ನೋಡು, ಇದು ರಿಸ್ಕು," ಅಂತ ಗರಗಸದ ಮೇಲೆ ಬೆರಳಿಟ್ಟರು. "ಇವೆರಡೂ ಸೇಫು. ಎರಡೂ ಸೇಫು ಅಂದಮೇಲೆ ಬಡ್ಡಿ ಜಾಸ್ತಿ ಕೊಡೋ ಕಡೆ ಹಾಕೋದು ತಾನೆ? ಏನಂತೀಯ?"

ನಾನು ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ವೇರಿಯನ್ಸ್‌ನ ಸೂತ್ರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಆ ಭಾನುವಾರದವರೆಗೆ, ಆ ಸೂತ್ರ ಅಳೆಯುವುದು ಒಂದನ್ನು, ಜನ ಹೆದರುವುದು ಇನ್ನೊಂದಕ್ಕೆ ಅನ್ನುವುದನ್ನು ಮನೆಯವರಿಗೆ ಕೂತು ಬಿಡಿಸಿ ಹೇಳಿರಲಿಲ್ಲ. ಹೂಡಿಕೆ ಸಲಹೆಗಾರನ ಲೈಸೆನ್ಸ್ ನನ್ನ ಬಳಿ ಇಲ್ಲ. ಅವತ್ತು ಭಾವನಿಗೆ ಹೇಳಿದ್ದನ್ನೇ ಸ್ವಲ್ಪ ಓರಣಮಾಡಿ ಇಲ್ಲಿ ಬರೆದಿದ್ದೇನೆ.

ಎರಡು ಪದ, ಎರಡು ಪ್ರಶ್ನೆ

ಏರಿಳಿತ ಅಥವಾ ವೇರಿಯನ್ಸ್ ಕೇಳುವ ಪ್ರಶ್ನೆ: ಈ ಸಂಖ್ಯೆ ತನ್ನ ಸರಾಸರಿಯಿಂದ ಎಷ್ಟು ದೂರ ಅಲೆದಾಡುತ್ತದೆ? ಮೇಲಕ್ಕೆ ಹೋದರೂ ಸರಿ, ಕೆಳಕ್ಕೆ ಬಂದರೂ ಸರಿ, ಅದಕ್ಕೆ ಎರಡೂ ಒಂದೇ. ಅಂತರವನ್ನು ವರ್ಗ ಮಾಡುವುದರಿಂದ ಋಣ ಚಿಹ್ನೆ ಅಳಿಸಿಹೋಗುತ್ತದೆ. ಹಾಗಾಗಿ ನಿಮಗೆ ಖುಷಿಯಾದದ್ದೋ ಬೇಜಾರಾದದ್ದೋ ಅನ್ನುವುದು ಸೂತ್ರಕ್ಕೆ ತಿಳಿಯುವುದಿಲ್ಲ.

ಅಪಾಯ ಕೇಳುವ ಪ್ರಶ್ನೆ ಬೇರೆ: ನನಗೆ ಬೇಕಾದ ದಿನ, ಬೇಕಾದಷ್ಟು ದುಡ್ಡು ಕೈಯಲ್ಲಿ ಇರುತ್ತದೋ ಇಲ್ಲವೋ? ಈ ಪ್ರಶ್ನೆಯಲ್ಲಿ 'ನಾನು' ಇದ್ದೇನೆ, ಒಂದು ತಾರೀಖು ಇದೆ, ಒಂದು ಮೊತ್ತ ಇದೆ. ವೇರಿಯನ್ಸ್‌ನ ಸೂತ್ರದಲ್ಲಿ ಈ ಮೂರೂ ಇಲ್ಲ.

ಇದೇ ಕಾರಣಕ್ಕೆ ಒಂದೇ ಫಂಡು ಇಪ್ಪತ್ತೆಂಟರ ಹುಡುಗನಿಗೆ ಒಂದು ಥರ, ಅರವತ್ತರ ಭಾವನಿಗೆ ಇನ್ನೊಂದು ಥರ. ಫಂಡಿನ ಏರಿಳಿತ ಇಬ್ಬರಿಗೂ ಒಂದೇ. ಅಪಾಯ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಹಾಗಾದರೆ ಓದಿದವರೇ ಎರಡನ್ನೂ ಒಂದೇ ಮಾಡಿದ್ದು ಯಾಕೆ? 1952ರ ಮಾರ್ಚ್‌ನಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಎಂಬ ಅಮೆರಿಕದ ಯುವಕ ಹೂಡಿಕೆಗಳನ್ನು ಹೇಗೆ ಬೆರೆಸಬೇಕು ಎಂಬ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಲಾಭಕ್ಕೆ ಸರಾಸರಿ, ಬೇಡದ ಗುಣಕ್ಕೆ ವೇರಿಯನ್ಸ್ ಎಂದು ಹಿಡಿದು ಲೆಕ್ಕ ಕಟ್ಟಿದ. ಲೆಕ್ಕ ಸೊಗಸಾಗಿತ್ತು, 1990ರಲ್ಲಿ ನೊಬೆಲ್ ಕೂಡ ಬಂತು. ಕ್ರಮೇಣ ವೇರಿಯನ್ಸ್‌ಗೇ 'ರಿಸ್ಕ್' ಎಂಬ ಹೆಸರು ಅಂಟಿಕೊಂಡಿತು. ಹಾಗಂತ ಮಾರ್ಕೊವಿಟ್ಜ್‌ಗೆ ವ್ಯತ್ಯಾಸ ಗೊತ್ತಿರಲಿಲ್ಲ ಎಂದಲ್ಲ. ಕೆಳಮುಖದ ಏರುಪೇರನ್ನು ಮಾತ್ರ ಅಳೆಯುವ ಅರ್ಧ ವೇರಿಯನ್ಸ್‌ಗಾಗಿ 1959ರ ಪುಸ್ತಕದಲ್ಲಿ ಆತ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಅದೇ 1952ರ ಜುಲೈನಲ್ಲಿ ಇಂಗ್ಲೆಂಡಿನ ಎ. ಡಿ. ರಾಯ್ ಇನ್ನೊಂದು ದಾರಿ ತೋರಿಸಿದ್ದ: ನೀನು ತಡೆದುಕೊಳ್ಳಲಾರದ ಮಟ್ಟ ಯಾವುದು ಅಂತ ಮೊದಲು ಹೇಳು, ಅದಕ್ಕಿಂತ ಕೆಳಗೆ ಬೀಳುವ ಸಾಧ್ಯತೆಯನ್ನು ಆದಷ್ಟು ಕಡಿಮೆ ಮಾಡೋಣ. ನಮ್ಮ ಅಜ್ಜಿಯಂದಿರು ಬೀಜದ ರಾಗಿಯನ್ನು ಬೇರೆ ಮಡಕೆಯಲ್ಲಿ ಎತ್ತಿಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ನನ್ನ ಮಟ್ಟಿಗೆ ಸಂಸಾರಸ್ಥರಿಗೆ ಹತ್ತಿರದವನು ರಾಯ್. ಹೆಸರು ಮಾತ್ರ ಇನ್ನೊಬ್ಬನಿಗೆ ಬಂತು.

ಮೂರು ಸ್ಕೀಮು

ಕರಪತ್ರದ ಹಿಂಬದಿ ಖಾಲಿ ಇತ್ತು. ಅಲ್ಲೇ ಬರೆದು ತೋರಿಸಿದೆ. ಮೂರಕ್ಕೂ ಒಂದೊಂದು ಲಕ್ಷ ಹಾಕಿದ್ದೇವೆ ಎಂದುಕೊಳ್ಳಿ.

ಮೊದಲನೆಯದು ವರ್ಷಕ್ಕೆ 7 ಪರ್ಸೆಂಟ್, ಐದು ವರ್ಷವೂ ಅಷ್ಟೇ. ಕೊನೆಗೆ 1,40,255 ರೂಪಾಯಿ. ವೇರಿಯನ್ಸ್ ಸೊನ್ನೆ.

ಎರಡನೆಯದು ಒಂದು ವರ್ಷ 25 ಮೇಲೆ, ಮರುವರ್ಷ 10 ಕೆಳಗೆ, ಆಮೇಲೆ 30 ಮೇಲೆ, 5 ಕೆಳಗೆ, 15 ಮೇಲೆ. ಸರಾಸರಿ 11. ಸರಾಸರಿಯಿಂದ ದೂರ 14, 21, 19, 16, 4. ವರ್ಗ ಮಾಡಿ ಕೂಡಿದರೆ 1,270, ಐದರಿಂದ ಭಾಗಿಸಿದರೆ 254. ಅದೇ ವೇರಿಯನ್ಸ್. ಅದರ ವರ್ಗಮೂಲ ತೆಗೆದರೆ ಸುಮಾರು 16. ಅದು ಶಾಲೆಯಲ್ಲಿ ಕಲಿತ ಮಾನಕ ವಿಚಲನೆ. ಎರಡು ವರ್ಷ ಹೊಟ್ಟೆ ಉರಿಸಿಯೂ ಕೊನೆಗೆ ಕೈಗೆ ಬಂದದ್ದು ಸುಮಾರು 1,59,800.

ಮೂರನೆಯದು ತಿಂಗಳಿಗೆ 2,000 ರೂಪಾಯಿ, ಒಂದನೇ ತಾರೀಖು ಬೆಳಿಗ್ಗೆ ತಪ್ಪದೆ ಬರುತ್ತದೆ. 30 ತಿಂಗಳು ಬಂತು. 31ನೇ ತಿಂಗಳು ಶಟರ್ ಎಳೆದಿತ್ತು. ಬಂದದ್ದು 60,000, ಹೋದದ್ದು ಒಂದು ಲಕ್ಷ.

"ಈಗ 30ನೇ ತಿಂಗಳ ಕೊನೇ ದಿನ ನಿಂತು ನೋಡಿ ಭಾವ," ಅಂದೆ. "ಮೂರನೇದರ ವೇರಿಯನ್ಸ್ ಎಷ್ಟು?"

"ಸೊನ್ನೆ," ಅಂದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಇಲ್ಲಿ ನನ್ನ ಕಸುಬಿನವರು ತಕರಾರು ತೆಗೆಯಬಹುದು: ನಿಜವಾದ ವೇರಿಯನ್ಸ್‌ನಲ್ಲಿ ಶಟರ್ ಎಳೆಯುವ ಸಾಧ್ಯತೆಯೂ ಸೇರಿರಬೇಕಲ್ಲ, ಅದು ಸೊನ್ನೆ ಹೇಗಾದೀತು? ಒಪ್ಪಿದೆ. ಆದರೆ ನಮ್ಮ ಕೈಯಲ್ಲಿರುವುದು ಆಗಿಹೋದ ತಿಂಗಳುಗಳ ಪಟ್ಟಿ ಮಾತ್ರ. ಹತ್ತು ಇಪ್ಪತ್ತು ವರ್ಷಕ್ಕೊಮ್ಮೆ ಆಗುವಂಥದ್ದು ಮೂವತ್ತು ತಿಂಗಳ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಜಾಹೀರಾತಿನಲ್ಲಿ, ಆ್ಯಪಿನಲ್ಲಿ, ಕರಪತ್ರದಲ್ಲಿ ನಾವು ನೋಡುವ ವೇರಿಯನ್ಸ್ ಯಾವತ್ತೂ ಈ ಪಟ್ಟಿಯದ್ದೇ.

ನೇರ ಗೆರೆಯ ಹಿಂದೆ

ಇದು ಬರೀ ಹಲಗೆಯ ಮೇಲಿನ ಲೆಕ್ಕವಲ್ಲ. ನ್ಯೂಯಾರ್ಕಿನ ಹೂಡಿಕೆ ವಂಚಕ ಬರ್ನಾರ್ಡ್ ಮೇಡಾಫ್ ತನ್ನ ಗಿರಾಕಿಗಳಿಗೆ ವರ್ಷಗಟ್ಟಲೆ ತಿಂಗಳಿಗೆ ಒಂದು ಪರ್ಸೆಂಟಿನ ಆಸುಪಾಸು ಲಾಭ ತೋರಿಸಿದ. ನಷ್ಟದ ತಿಂಗಳುಗಳು ಬೆರಳೆಣಿಕೆಯಷ್ಟು. ಹ್ಯಾರಿ ಮಾರ್ಕೊಪೊಲೋಸ್ ಎಂಬ ಲೆಕ್ಕದವನಿಗೆ ಸಂಶಯ ಬಂದದ್ದೇ ಆ ನಯವಾದ ಗೆರೆ ನೋಡಿ. ಮಾರುಕಟ್ಟೆ ಕುಣಿಯುತ್ತಿರುವಾಗ ಇವನೊಬ್ಬ ಹೇಗೆ ನೆಟ್ಟಗೆ ನಡೆಯುತ್ತಾನೆ ಎಂದು 2000ದಿಂದಲೇ ಅಲ್ಲಿನ ಷೇರುಪೇಟೆ ನಿಯಂತ್ರಕರಿಗೆ ದೂರು ಕೊಡುತ್ತಾ ಬಂದ. ಯಾರೂ ಕಿವಿಗೊಡಲಿಲ್ಲ. 2008ರ ಡಿಸೆಂಬರ್ 11ರಂದು ಮೇಡಾಫ್‌ನ ಬಂಧನವಾದಾಗ ಗಿರಾಕಿಗಳ ಕಾಗದದ ಮೇಲಿದ್ದ ಮೊತ್ತ ಸುಮಾರು 6,500 ಕೋಟಿ ಡಾಲರ್.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆ ಬಾಗಿಲು ಹಾಕಿದಾಗ ಶಿವಾಜಿನಗರದ ರಸ್ತೆಯಲ್ಲಿ ನಿಂತ ಸಾಲು ನೆನಪಿರುವವರಿಗೆ, ತಿಂಗಳು ತಿಂಗಳು ತಪ್ಪದೆ ಬರುವ ಲಾಭ ಏನನ್ನು ಮುಚ್ಚಿಡಬಲ್ಲದು ಅಂತ ಬಿಡಿಸಿ ಹೇಳಬೇಕಿಲ್ಲ.

ಮೋಸವೇ ಆಗಿರಬೇಕೆಂದೂ ಇಲ್ಲ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆ ಭಾರತದಲ್ಲಿ ತನ್ನ ಆರು ಡೆಟ್ ಫಂಡುಗಳನ್ನು (ಷೇರಿನ ಬದಲು ಬಾಂಡು, ಅಂದರೆ ಸಾಲಪತ್ರ, ಕೊಳ್ಳುವ ಫಂಡುಗಳು) ಒಮ್ಮೆಲೇ ಮುಚ್ಚಿತು. ಅವುಗಳಲ್ಲಿದ್ದದ್ದು ಸುಮಾರು 25,000 ಕೋಟಿ ರೂಪಾಯಿ. ಷೇರು ಫಂಡಿನ ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ಗ್ರಾಫು ಹಲವು ವರ್ಷ ಇಸ್ತ್ರಿ ಮಾಡಿದ ಹಾಗಿತ್ತು. ಒಳಗಿದ್ದ ಬಾಂಡುಗಳಲ್ಲಿ ಹಲವು ಸುಲಭಕ್ಕೆ ಮಾರಾಟವಾಗುವಂಥವಲ್ಲ. ಕೋವಿಡ್ ಗಾಬರಿಯಲ್ಲಿ ಎಲ್ಲರೂ ದುಡ್ಡು ವಾಪಸ್ ಕೇಳಿದಾಗ ಕೊಡಲು ಸಂಸ್ಥೆಯ ಕೈಯಲ್ಲಿ ನಗದು ಇರಲಿಲ್ಲ. ನ್ಯಾಯಾಲಯದ ಮೆಟ್ಟಿಲೇರಿ, ಆಮೇಲೆ ಕಂತುಕಂತಾಗಿ ದುಡ್ಡು ವಾಪಸ್ ಬಂತು ಅನ್ನುವುದನ್ನೂ ಹೇಳಬೇಕು. ಬಂದದ್ದು ತಡವಾಗಿ. ಆ ಮೇ ತಿಂಗಳಲ್ಲಿ ಆಸ್ಪತ್ರೆ ಬಿಲ್ಲು ಕಟ್ಟಬೇಕಿದ್ದವನಿಗೆ ಮುಂದಿನ ವರ್ಷ ಬರುವ ದುಡ್ಡು ಯಾವ ಉಪಯೋಗಕ್ಕೆ?

ಇನ್ನು ಭಾವನ ಕೈಯಲ್ಲಿದ್ದ ಕರಪತ್ರಕ್ಕೆ ಹತ್ತಿರದ ಸಂಗತಿ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್, ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಠೇವಣಿದಾರರು ಹಿಂಪಡೆಯಬಹುದಾದ ಮೊತ್ತವನ್ನು 35,000 ರೂಪಾಯಿಗೆ ಇಳಿಸಿತು. ಹಿಂದಿನ ದಿನದವರೆಗೆ ಪಾಸ್‌ಪುಸ್ತಕದಲ್ಲಿ ಒಂದು ರೂಪಾಯಿಯ ಏರಿಳಿತ ಇರಲಿಲ್ಲ. ಆಗ ಠೇವಣಿ ವಿಮೆಯ ಮಿತಿ ಒಂದು ಲಕ್ಷ. 2020ರ ಫೆಬ್ರವರಿ 4ರಿಂದ ಅದು ಐದು ಲಕ್ಷವಾಯಿತು: ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು ಇದರ ಜೊತೆಗಿದೆ. ಆ ವಿಮೆ ಸಹಕಾರ *ಬ್ಯಾಂಕು*ಗಳಿಗೆ ಉಂಟು. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಇಲ್ಲ. ಬೋರ್ಡು ಒಂದೇ ಥರ, ಕೌಂಟರು ಒಂದೇ ಥರ, ಒಳಗೆ ಹೋದರೆ ಕಾಫಿಯನ್ನೂ ಕೊಡುತ್ತಾರೆ. ನಾನು ಎಲ್ಲ ಸೌಹಾರ್ದಗಳೂ ಕೆಟ್ಟವು ಅನ್ನುತ್ತಿಲ್ಲ. ಊರಿನವರೇ ಸೇರಿ ಶಿಸ್ತಾಗಿ ನಡೆಸುವ ಸಂಘಗಳನ್ನು ನೋಡಿದ್ದೇನೆ. ಆದರೆ ಆ ಎರಡೂವರೆ ಪರ್ಸೆಂಟ್ ಯಾರೂ ಪ್ರೀತಿಯಿಂದ ಕೊಡುತ್ತಿಲ್ಲ. ವಿಮೆ ಇಲ್ಲದ ಕಡೆ ದುಡ್ಡಿಟ್ಟದ್ದಕ್ಕೆ ಸಿಗುವ ಕೂಲಿ ಅದು.

ಒಂದೊಂದಾಗಿ ನೋಡಿದರೆ

ಬೀರುವಿನಲ್ಲಿಟ್ಟ ನೋಟು. ಏರಿಳಿತ ಸೊನ್ನೆ. ಬೆಲೆಗಳು ವರ್ಷಕ್ಕೆ 6 ಪರ್ಸೆಂಟ್ ಏರಿದರೆ ಹನ್ನೆರಡು ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧ. ನಷ್ಟ ನಿಧಾನ, ಆದರೆ ಖಂಡಿತ. ಅಪಾಯಕ್ಕೂ ಏರಿಳಿತಕ್ಕೂ ಸಂಬಂಧವೇ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗದು.

ದೊಡ್ಡ ಬ್ಯಾಂಕಿನ ಎಫ್‌ಡಿ. ಅಸಲು ಅಲ್ಲಾಡುವುದಿಲ್ಲ. ಆದರೆ ಬಡ್ಡಿಯಲ್ಲೇ ಜೀವನ ಮಾಡುವವರಿಗೆ ಏರಿಳಿತ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ. 2012-13ರ ಸುಮಾರಿಗೆ ದೊಡ್ಡ ಬ್ಯಾಂಕುಗಳಲ್ಲಿ 9 ಪರ್ಸೆಂಟಿನ ಆಸುಪಾಸು ಸಿಗುತ್ತಿತ್ತು. 10 ಲಕ್ಷಕ್ಕೆ ತಿಂಗಳಿಗೆ 7,500 ರೂಪಾಯಿ. 2020ರ ಮೇ ಕೊನೆಗೆ ಸ್ಟೇಟ್ ಬ್ಯಾಂಕಿನ ಐದು ವರ್ಷ ಮೀರಿದ ಠೇವಣಿಗೆ ಸಾಮಾನ್ಯರಿಗೆ 5.4. ಅದೇ 10 ಲಕ್ಷಕ್ಕೆ ತಿಂಗಳಿಗೆ 4,500. ಅಸಲು ಪೂರ್ತಿ ಭದ್ರ, ಮನೆ ನಡೆಸುವ ದುಡ್ಡಿನಲ್ಲಿ ನೂರಕ್ಕೆ ನಲವತ್ತು ಮಾಯ. ಅಸಲನ್ನು ಮಾತ್ರ ನೋಡುವವರು ಇದನ್ನು ಏರಿಳಿತ ಅಂತ ಕರೆಯುವುದೇ ಇಲ್ಲ. ಇನ್ನು 20 ಪರ್ಸೆಂಟ್ ತೆರಿಗೆ ಕಟ್ಟುವವರಿಗೆ 7 ಪರ್ಸೆಂಟಿನ ಎಫ್‌ಡಿಯಲ್ಲಿ ಕೈಗುಳಿಯುವುದು ಐದೂವರೆ.

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ. 2023ರ ಏಪ್ರಿಲ್‌ನಲ್ಲಿ ಮಿತಿಯನ್ನು 30 ಲಕ್ಷಕ್ಕೆ ಏರಿಸಿದರು, ಬಡ್ಡಿ 8.2ಕ್ಕೆ ಬಂತು. ಹಾಕಿದ ದಿನದ ದರ ಐದು ವರ್ಷ ಹಾಗೇ ಇರುತ್ತದೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಭಾವನಂಥವರಿಗೆ ಅಸಲೂ ಆದಾಯವೂ ಎರಡೂ ಅಲ್ಲಾಡದ ಜಾಗ ಇದು. ಹಾಕುವ ದಿನ ದರ ಎಷ್ಟಿದೆ ಅಂತ ಕೇಳಿಕೊಂಡು ಹೋಗಿ. ಮೂರು ತಿಂಗಳಿಗೊಮ್ಮೆ ಸರ್ಕಾರ ಪರಿಶೀಲಿಸುತ್ತಿರುತ್ತದೆ.

ಚಿನ್ನ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ ಚಿನ್ನ ಆ ಬೆಲೆಯನ್ನು ಮತ್ತೆ ಕಂಡದ್ದು 2008ರಲ್ಲಿ. ರೂಪಾಯಿಯೇ ಇಳಿಯುತ್ತಾ ಬಂದದ್ದರಿಂದ ನಮಗೆ ಅಷ್ಟು ನೋವಾಗಲಿಲ್ಲ. ಕತ್ತಿನಲ್ಲಿರುವ ಚಿನ್ನದ ಬೆಲೆಯನ್ನು ದಿನವೂ ಯಾರೂ ನೋಡುವುದಿಲ್ಲ, ಹಾಗಾಗಿ ಅದು ಏರಿಳಿಯುತ್ತದೆ ಅಂತ ಅನಿಸುವುದೂ ಇಲ್ಲ.

ಸೈಟು. ನಮ್ಮವರ ಇಷ್ಟದೇವತೆ. 'ಸೈಟಿನ ಬೆಲೆ ಯಾವತ್ತೂ ಇಳಿಯಲ್ಲ' ಅನ್ನುವ ಮಾತಿನ ಗುಟ್ಟು ಇಷ್ಟೇ: ಇಳಿದದ್ದನ್ನು ಬರೆಯುವ ಬೋರ್ಡು ಎಲ್ಲೂ ಇಲ್ಲ. ಷೇರಿಗೆ ಪ್ರತಿ ಸೆಕೆಂಡಿಗೂ ಒಂದು ಬೆಲೆ. ಸೈಟಿಗೆ ಕೊಂಡ ದಿನ ಒಂದು, ಮಾರುವ ದಿನ ಒಂದು. ಎರಡೇ ಚುಕ್ಕಿ ಇಟ್ಟರೆ ಯಾವ ಗ್ರಾಫಾದರೂ ನೇರ ಗೆರೆಯೇ. ಮೇಲಾಗಿ ಸೈಟು ಅಂದರೆ ಎಲ್ಲ ದುಡ್ಡೂ ಒಂದೇ 30x40ರ ಮೇಲೆ. ಪತ್ರದಲ್ಲಿ ಒಬ್ಬ ವಾರಸುದಾರನ ಸಹಿ ಬಿಟ್ಟುಹೋಗಿದ್ದರೆ, ರಾಜಕಾಲುವೆಯ ಅಂಚು ಒಳಗೆ ಬಂದಿದ್ದರೆ, ಅದಕ್ಕೆ ಸರಾಸರಿಯೂ ಇಲ್ಲ ವಿಚಲನೆಯೂ ಇಲ್ಲ. ಇರುವುದು ಕೋರ್ಟು.

ಇಂಡೆಕ್ಸ್ ಫಂಡು. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸೆನ್ಸೆಕ್ಸ್ 2008ರ ಜನವರಿ 8ರಂದು 20,873ಕ್ಕೆ ಮುಗಿದಿತ್ತು. 2009ರ ಮಾರ್ಚ್ 9ರಂದು 8,160. ಹತ್ತು ಲಕ್ಷ ನಾಲ್ಕು ಲಕ್ಷಕ್ಕೂ ಕೆಳಗೆ. 2010ರ ದೀಪಾವಳಿಯ ಮುಹೂರ್ತ ವಹಿವಾಟಿನಲ್ಲಿ ಮತ್ತೆ 21,000 ದಾಟಿತು. ಇಲ್ಲಿಗೆ ಕಥೆ ನಿಲ್ಲಿಸುವವರು ಮಾರಾಟಗಾರರು. ಅದು ಮತ್ತೆ ಜಾರಿತು. ಆ ಮಟ್ಟವನ್ನು ಮತ್ತೆ ದಾಟಲು 2013ರ ಕೊನೆಯವರೆಗೆ ಕಾಯಬೇಕಾಯಿತು. 2008ರ ಜನವರಿಯಲ್ಲಿ ಒಂದೇ ಗಂಟು ಹಾಕಿದವನಿಗೆ, ಡಿವಿಡೆಂಡ್ ಬಿಟ್ಟರೆ, ಸುಮಾರು ಆರು ವರ್ಷ ಏನೂ ಹುಟ್ಟಲಿಲ್ಲ. ಆರು ವರ್ಷ ಕಾಯಬಲ್ಲವನಿಗೆ ಅದು ಏರಿಳಿತ. 2009ರ ಮೇ ತಿಂಗಳಿಗೆ ಮಗಳ ಮದುವೆ ಇಟ್ಟುಕೊಂಡಿದ್ದವನಿಗೆ ಅದು ಅಪಾಯವೂ ಅಲ್ಲ, ಆಗಿಹೋದ ನಷ್ಟ.

'ಕಾದರೆ ಬಂದೇ ಬರುತ್ತದೆ' ಅನ್ನುವುದೂ ಪೂರ್ತಿ ನಂಬುವ ಮಾತಲ್ಲ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915 ಮುಟ್ಟಿತ್ತು. ಅದನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿ 22ರಂದು. ನಲವತ್ತರ ಪ್ರಾಯದಲ್ಲಿ ಹಾಕಿದವನಿಗೆ ಎಪ್ಪತ್ನಾಲ್ಕಾಗಿತ್ತು.

ಫಂಡಿನ ಕಾಗದದ ಮೇಲೆ ಸ್ಪೀಡಾಮೀಟರಿನ ಮುಳ್ಳಿನಂತೆ ಒಂದು ರಿಸ್ಕೋಮೀಟರ್ ಚಿತ್ರ ಇರುತ್ತದಲ್ಲ, ಅದರಲ್ಲಿ 2021ರ ಜನವರಿಯಿಂದ ಆರು ಹಂತ. ಅದು ಫಂಡಿನ ಒಳಗೇನಿದೆ ಎಂದು ಹೇಳುತ್ತದೆ. ನಿಮ್ಮ ಮಗಳ ಮದುವೆ ಯಾವಾಗ ಅಂತ ಅದಕ್ಕೆ ಗೊತ್ತಿಲ್ಲ.

ತೂಬು ತೆಗೆದ ಕೆರೆ

ಒಂದೇ ಏರಿಳಿತ ಇಬ್ಬರಿಗೆ ಎರಡು ಥರದ ಅಪಾಯ ಹೇಗಾಗುತ್ತದೆ ಅನ್ನುವುದಕ್ಕೆ ಭಾವನಿಗೆ ಇನ್ನೊಂದು ಲೆಕ್ಕ ತೋರಿಸಿದೆ. ನಾನೇ ಮೊದಲ ಸಲ ಮಾಡಿ ನೋಡಿದಾಗ ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದ್ದೆ.

ಇಬ್ಬರ ಬಳಿಯೂ 50 ಲಕ್ಷ. ಇಬ್ಬರದೂ ಒಂದೇ ಫಂಡು. ಮೂರು ವರ್ಷದ ಫಲ: 30 ಪರ್ಸೆಂಟ್ ಕೆಳಗೆ, 10 ಮೇಲೆ, 30 ಮೇಲೆ. ಒಬ್ಬನಿಗೆ ಈ ಕ್ರಮದಲ್ಲಿ ಬಂತು, ಇನ್ನೊಬ್ಬನಿಗೆ ತಿರುವುಮುರುವು: 30 ಮೇಲೆ, 10 ಮೇಲೆ, 30 ಕೆಳಗೆ. ಸರಾಸರಿ ಒಂದೇ, ವೇರಿಯನ್ಸ್ ಒಂದೇ. ಇಬ್ಬರೂ ದುಡ್ಡು ಮುಟ್ಟದಿದ್ದರೆ ಕೊನೆಗೆ ಇಬ್ಬರ ಬಳಿಯೂ ಸಮಸಮ 50 ಲಕ್ಷದ 5 ಸಾವಿರ. ಗುಣಾಕಾರಕ್ಕೆ ಕ್ರಮದ ಹಂಗಿಲ್ಲ.

ಈಗ ಇಬ್ಬರೂ ಪ್ರತಿ ವರ್ಷದ ಶುರುವಿಗೆ ಮನೆ ಖರ್ಚಿಗೆಂದು 4 ಲಕ್ಷ ತೆಗೆಯುತ್ತಾರೆ ಅಂದುಕೊಳ್ಳಿ. ಮೊದಲನೆಯವನ 46 ಲಕ್ಷ 32.2 ಆಗುತ್ತದೆ. ಮತ್ತೆ ನಾಲ್ಕು ತೆಗೆದರೆ 28.2, ಅದು ಬೆಳೆದು 31.02. ಮತ್ತೆ ನಾಲ್ಕು ತೆಗೆದರೆ 27.02, ಅದು ಬೆಳೆದು ಕೊನೆಗೆ 35.13 ಲಕ್ಷ. ಎರಡನೆಯವನದ್ದು 59.8, ಆಮೇಲೆ 61.38, ಕೊನೆಗೆ 40.17 ಲಕ್ಷ. ಐದು ಲಕ್ಷದ ವ್ಯತ್ಯಾಸ, ಬರೀ ಕೆಟ್ಟ ವರ್ಷ ಮೊದಲು ಬಂತೋ ಕೊನೆಗೆ ಬಂತೋ ಅನ್ನುವುದರಿಂದ.

ಕೆರೆ ಇದ್ದ ಹಾಗೆ. ತೂಬು ಮುಚ್ಚಿದ್ದರೆ ಮಳೆ ಮೊದಲು ಬಂದರೇನು, ಆಮೇಲೆ ಬಂದರೇನು? ತೂಬು ತೆಗೆದು ಗದ್ದೆಗೆ ನೀರು ಬಿಡುತ್ತಿರುವಾಗ ಮೊದಲ ವರ್ಷವೇ ಬರ ಬಂದರೆ ಕೆರೆಯ ತಳ ಕಾಣುತ್ತದೆ, ಆಮೇಲೆ ಬಂದ ಮಳೆ ಅದನ್ನು ಪೂರ್ತಿ ತುಂಬಿಸಲಾರದು. ತಿಂಗಳು ತಿಂಗಳು ಎಸ್‌ಐಪಿ ಕಟ್ಟುವ ಹುಡುಗನಿಗೆ ಇದರ ತದ್ವಿರುದ್ಧ. ಅವನ ಕೆರೆಗೆ ಕಾಲುವೆ ಒಳಗೆ ಬರುತ್ತಿದೆ. ಬೆಲೆ ಬಿದ್ದ ತಿಂಗಳು ಅದೇ ಐದು ಸಾವಿರಕ್ಕೆ ಹೆಚ್ಚು ಯೂನಿಟ್. ಏರಿಳಿತ ಅವನಿಗೆ ಆಳು, ಭಾವನಿಗೆ ಸಾಲ ವಸೂಲಿಗೆ ಬಂದವನು.

ಅಡಿಕೆಯ ಹಾದಿ, ಟೊಮೆಟೊ ಹಾದಿ

ಇಷ್ಟು ಹೊತ್ತಿಗೆ ಒಳಗಿನಿಂದ ಅಕ್ಕ ಬಂದು ಕೂತಳು. "ನೀನು ಏನು ಹೇಳ್ತಿದ್ದೀಯೋ ನಂಗೆ ಷೇರಲ್ಲಿ ಅರ್ಥ ಆಗಲ್ಲ, ತೋಟದಲ್ಲಿ ಹೇಳು," ಅಂದಳು. ಅವಳನ್ನು ಕೊಟ್ಟದ್ದು ಕೋಲಾರದ ಕಡೆಗೆ, ನಮ್ಮ ತಾಯಿಯ ತವರು ಕೊಪ್ಪದ ಕಡೆ. ಹೇಳುವುದು ಸುಲಭವಾಯಿತು.

ಕೋಲಾರದ ಟೊಮೆಟೊ ಅಂದರೆ ಏರಿಳಿತಕ್ಕೇ ಇನ್ನೊಂದು ಹೆಸರು. 2023ರ ಜುಲೈನಲ್ಲಿ ಅಲ್ಲಿನ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿತ್ತು. ರಾತ್ರಿ ಹೊಲ ಕಾಯಲು ಜನ ಇಟ್ಟುಕೊಂಡಿದ್ದರು. ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ಅದೇ ಹಣ್ಣನ್ನು ರಸ್ತೆಗೆ ಸುರಿದಿದ್ದಾರೆ. ಆದರೆ ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಕೊಯ್ಲು ಶುರು. ಈ ಬೆಳೆ ಕೈಕೊಟ್ಟರೆ ಹೋಗುವುದು ಒಂದು ಬೆಳೆ. ಭೂಮಿ ಅಲ್ಲೇ ಇರುತ್ತದೆ, ಮುಂದಿನ ಸಲ ಬೀನ್ಸ್ ಹಾಕಬಹುದು.

ಅಡಿಕೆ ಗಂಭೀರ ಬೆಳೆ. ಗಿಡ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಆಮೇಲೆ ದಶಕಗಟ್ಟಲೆ ಗೊನೆ ಇಳಿಸುತ್ತಲೇ ಇರುತ್ತದೆ. ಧಾರಣೆ ಏರಿಳಿದರೂ ಟೊಮೆಟೊದಂತೆ ಹುಚ್ಚು ಕುಣಿಯುವುದಿಲ್ಲ, ಒಣಗಿಸಿದ ಅಡಿಕೆ ಮೂಟೆಯಲ್ಲಿ ಕೂತು ಒಳ್ಳೆ ಬೆಲೆಗೆ ಕಾಯಲೂ ಬಲ್ಲದು. ವರ್ಷದ ಲೆಕ್ಕದಲ್ಲಿ ಏರಿಳಿತ ಕಡಿಮೆ. ಆದರೆ ಸುಳ್ಯದ ಸಂಪಾಜೆ ಅರಂತೋಡಿನ ಕಡೆ, ಶೃಂಗೇರಿ ಕೊಪ್ಪದ ಕಡೆ ಹಳದಿ ಎಲೆ ರೋಗ ಹತ್ತಿದ ತೋಟಗಳನ್ನು ನೋಡಿದವರಿಗೆ ಇನ್ನೊಂದು ಮುಖ ಗೊತ್ತು. ಇಪ್ಪತ್ತು ವರ್ಷದ ಮರದ ಸೋಗೆ ಹಳದಿಗೆ ತಿರುಗುತ್ತದೆ, ಕಾಯಿ ಒಳಗೇ ಕಪ್ಪಾಗುತ್ತದೆ, ಫಸಲು ವರ್ಷ ವರ್ಷಕ್ಕೆ ಕರಗುತ್ತದೆ. ಕೊಳೆರೋಗವಾದರೆ ಬೋರ್ಡೋ ದ್ರಾವಣ ಹೊಡೆದು ಉಳಿಸಿಕೊಳ್ಳಬಹುದು. ಇದಕ್ಕೆ ಅಂಥ ಮದ್ದಿಲ್ಲ. ಕಡಿದು ಬೇರೆ ನೆಟ್ಟರೆ ಮತ್ತೆ ಐದಾರು ವರ್ಷ.

ಟೊಮೆಟೊದಲ್ಲಿ ಏರಿಳಿತ ಜಾಸ್ತಿ, ಆದರೆ ಒಂದು ಸಲ ಸೋತರೆ ಕಳೆದುಕೊಳ್ಳುವುದು ಇಷ್ಟೇ ಎಂದು ಗೊತ್ತು. ಅಡಿಕೆಯಲ್ಲಿ ಏರಿಳಿತ ಕಡಿಮೆ, ಸೋಲು ಅಪರೂಪ, ಸೋತರೆ ಅರ್ಧ ಆಯುಷ್ಯ. ಸಾಲ ಮಾಡಿ ಟೊಮೆಟೊ ಹಾಕಿದವನಿಗೆ ಈ ಮಾತು ಅನ್ವಯಿಸುವುದಿಲ್ಲ. ಸಾಲ ಬಂದ ಕೂಡಲೇ ಏರಿಳಿತವೇ ಅಪಾಯವಾಗಿಬಿಡುತ್ತದೆ, ಯಾಕೆಂದರೆ ಸಾಲದ ಕಂತಿಗೆ ತಾರೀಖು ಇದೆ.

"ಅದಕ್ಕೇ ಅಲ್ವಾ ಅಜ್ಜ ಅಡಿಕೆ ಮರಕ್ಕೆ ಮೆಣಸು ಹಬ್ಬಿಸಿದ್ದು? ಅದು ಹೋದರೆ ಇದು ಇರಲಿ ಅಂತ," ಅಂದಳು ಅಕ್ಕ. ಮಾರ್ಕೊವಿಟ್ಜ್ ಹೇಳಿದ್ದರ ಸಾರವೂ ಅದೇ: ಒಟ್ಟಿಗೆ ಏರಿ ಒಟ್ಟಿಗೆ ಇಳಿಯದ ಎರಡನ್ನು ಬೆರೆಸಿದರೆ ಒಟ್ಟು ಏರಿಳಿತ ತಗ್ಗುತ್ತದೆ. ಧಾರಣೆಯ ಮಟ್ಟಿಗೆ ಅಜ್ಜನ ಲೆಕ್ಕ ಸರಿಯೇ ಇತ್ತು. ಆದರೆ ಮೆಣಸಿನ ಬಳ್ಳಿ ನಿಂತಿರುವುದು ಅಡಿಕೆ ಮರದ ಮೇಲೆ. ಮರ ಸತ್ತರೆ ಬಳ್ಳಿಗೂ ಆಸರೆ ಇಲ್ಲ. ಒಂದೇ ಬಿಲ್ಡರಿನ ಫ್ಲಾಟಿನಲ್ಲಿ ಒಂದಿಷ್ಟು, ಅದೇ ಬಿಲ್ಡರಿಗೆ ಸಾಲ ಕೊಟ್ಟ ಸೊಸೈಟಿಯಲ್ಲಿ ಒಂದಿಷ್ಟು ಇಟ್ಟು 'ಹಂಚಿಟ್ಟಿದ್ದೇನೆ' ಅನ್ನುವವರ ಕಥೆಯೂ ಇದೇ.

42 ಲಕ್ಷ

ಆಮೇಲೆ ಪರ್ಸೆಂಟ್ ಬದಿಗಿಟ್ಟು ತಾರೀಖು ಬರೆಯಲು ಕೂತೆವು. ಮಗಳ ಮದುವೆ ಒಂದೂವರೆ ವರ್ಷದೊಳಗೆ, ಅದಕ್ಕೆ 8 ಲಕ್ಷ. ಅದು ಎರಡು ದೊಡ್ಡ ಬ್ಯಾಂಕುಗಳಲ್ಲಿ ನಾಲ್ಕು ನಾಲ್ಕರಂತೆ ಎಫ್‌ಡಿಗೆ ಹೋಯಿತು, ಎರಡೂ ವಿಮೆಯ ಮಿತಿಯೊಳಗೆ. ಅದರಲ್ಲಿ ಬಡ್ಡಿ ಎಷ್ಟು ಅನ್ನುವುದು ಮುಖ್ಯವೇ ಅಲ್ಲ. ತಿಂಗಳ ಖರ್ಚಿಗೆ 20 ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಗೆ. 8.2ರಂತೆ ಮೂರು ತಿಂಗಳಿಗೆ 41,000 ರೂಪಾಯಿ. ಆಸ್ಪತ್ರೆ, ಚಾವಣಿ ರಿಪೇರಿ, ಅಚಾನಕ್ ಖರ್ಚಿಗೆ 4 ಲಕ್ಷ ಉಳಿತಾಯ ಖಾತೆ ಮತ್ತು ಚಿಕ್ಕ ಅವಧಿಯ ಠೇವಣಿಯಲ್ಲಿ.

ಉಳಿದದ್ದು 10 ಲಕ್ಷ. ಭಾವನಿಗೆ ಅರವತ್ತು, ಅಕ್ಕನಿಗೆ ಐವತ್ತಾರು. ಇನ್ನು ಇಪ್ಪತ್ತು ಇಪ್ಪತ್ತೈದು ವರ್ಷ ಸಂಸಾರ ನಡೆಯಬೇಕು, ಬೇಳೆ ಬೆಲೆ ಈಗಿನಷ್ಟೇ ಇರುವುದಿಲ್ಲ. ಎಲ್ಲವನ್ನೂ ಅಲ್ಲಾಡದ ಕಡೆ ಇಟ್ಟರೆ ಎಪ್ಪತ್ತೈದರ ಹೊತ್ತಿಗೆ ಸೋಲುವುದು ಬಹುತೇಕ ಖಾತ್ರಿ. ಈ 10 ಲಕ್ಷ ಹತ್ತು ವರ್ಷ ಮುಟ್ಟುವುದಿಲ್ಲ ಅನ್ನುವುದಾದರೆ ಇಂಡೆಕ್ಸ್ ಫಂಡಿಗೆ, ಅದೂ ಒಂದೇ ಗಂಟಲ್ಲ, ಎರಡು ವರ್ಷದಲ್ಲಿ ಕಂತುಕಂತಾಗಿ ಅಂತ ನಾನಂದೆ. ಆ ಗರಗಸ ಈ ದುಡ್ಡಿನ ಮೇಲೆ ಓಡಾಡಲಿ. ಅದರ ಹಲ್ಲು ತಾಗುವ ತಾರೀಖು ಯಾವುದೂ ಅಲ್ಲಿಲ್ಲ.

ಭಾವ ತಲೆಯಾಡಿಸಿದರು. ಸೌಹಾರ್ದದ ಕರಪತ್ರವನ್ನು ಮಡಚಿ ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಟುಕೊಂಡರು. ಬಿಸಾಡಲಿಲ್ಲ. ಅದರ ಹಿಂದೆ ಲೆಕ್ಕ ಇದೆಯಲ್ಲ ಅಂದರು.

ಅಕ್ಕ ಮಾತ್ರ ಆ 10 ಲಕ್ಷವನ್ನು ಬಿಟ್ಟುಕೊಟ್ಟಿಲ್ಲ. ನೆಲಮಂಗಲದ ಆಚೆ ಒಂದು ಸೈಟು ನೋಡಿಟ್ಟಿದ್ದಾಳೆ, ಉಳಿದದ್ದಕ್ಕೆ ಒಡವೆ ಅಡವಿಡುತ್ತಾಳಂತೆ. ಬರುವ ಭಾನುವಾರ ನೋಡಲು ಹೋಗುತ್ತಿದ್ದೇವೆ. ಆ ಜಾಗದ ಋಣಭಾರ ಪತ್ರ (ಇ.ಸಿ.) ತೆಗೆಸಿ ಇಟ್ಟುಕೊಂಡಿದ್ದೇನೆ, 30 ವರ್ಷದ್ದು.